ಗೆರೆ ಮೇಲಿನ ನೊಣ

ಶಂಭುಲಿಂಗ ಮೋಸಗಾರನೆಂದು ಚಿನ್ಮಯೀಗೆ ಅನಿಸಿದ್ದು ಬುಧವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ, ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ. ಊಟದ ಡಬ್ಬಿ ಎದುರಿಗಿತ್ತು. ಅದರ ಮುಚ್ಚಳ ಆ ದಿನ ತೆರೆಯಲೇ ಇಲ್ಲ.

ಪರದೆಯ ಮೇಲೆ ಹನ್ನೆರಡು ದಿನಕ್ಕೆ ಹನ್ನೆರಡು ಕಂಬಗಳು. ಗುರೆಳ್ಳು, ಅಂದರೆ ಹುಚ್ಚೆಳ್ಳು, ತಿಂದ ಮುದಿ ನೊಣಗಳು, ತಿನ್ನದ ಮುದಿ ನೊಣಗಳಿಗಿಂತ ಎಷ್ಟು ಚುರುಕಾಗಿ ಗಾಜಿನ ಟ್ಯೂಬು ಹತ್ತಿದವು ಎಂದು ತೋರಿಸುವ ಕಂಬಗಳು. ಹತ್ತು ಕಂಬ ಎದೆಯುಬ್ಬಿಸಿ ನಿಂತಿದ್ದವು. ಎಂಟನೆಯ ಮತ್ತು ಒಂಬತ್ತನೆಯ ದಿನದವು ಮಾತ್ರ ನೆಲ ಕಚ್ಚಿದ್ದವು. ಆ ಎರಡು ದಿನ ಗುರೆಳ್ಳಿಗೂ ಸಾದಾ ಊಟಕ್ಕೂ ಏನೇನೂ ವ್ಯತ್ಯಾಸವಿರಲಿಲ್ಲ.

ಆ ಎರಡು ದಿನ ಚಿನ್ಮಯೀ ಎಣಿಕೆಗೆ ಇರಲಿಲ್ಲ. ಟ್ಯೂಬುಗಳಿಗೆ ನಂಬರು ಹಚ್ಚಿಟ್ಟು ಇಂಟರ್ನಲ್ ಟೆಸ್ಟಿಗೆ ಹೋಗಿದ್ದಳು. ಅವಳಿಲ್ಲವೆಂದರೆ ಅವಳ ಬ್ಯಾಗೂ ಇಲ್ಲ. ಬ್ಯಾಗಿನ ಮುಂದಿನ ಜೇಬಿನಲ್ಲಿ ಒಂದು ಕೆಂಪು ಬುಕ್ಕು, ಯಾವ ನಂಬರಿನ ಟ್ಯೂಬಿನಲ್ಲಿ ಯಾವ ನೊಣ ಎಂಬ ಗುಟ್ಟು ಅದರಲ್ಲಿ. ಎಣಿಸುವವನಿಗೆ ಆ ಗುಟ್ಟು ತಿಳಿಯಲೇಬಾರದು. ಎಣಿಸುವವನು ಶಂಭುಲಿಂಗ.

ಅವಳು ಎಂಟನೆಯ ಕಂಬ ನೋಡಿದಳು, ಒಂಬತ್ತನೆಯದು ನೋಡಿದಳು, ಆಮೇಲೆ ಮತ್ತೆ ಎಂಟನೆಯದನ್ನೇ ನೋಡಿದಳು. ಬೇರೆ ಯಾರಾದರೂ ಮೋಸ ಮಾಡಿದ್ದರೆ ಸಿಟ್ಟು ಬರುತ್ತಿತ್ತು. ಇವನು ಮಾಡಿದ್ದಕ್ಕೆ ಅಳು ಬಂತು. ಅಳು ಬಂದದ್ದೇಕೆ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಅಂಬಾಬಾಯಿ ಮೇಡಮ್ ಜುವಾಲಜಿ ವಿಭಾಗದವರು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಜುವಾಲಜಿ ಓದುವ ಒಬ್ಬರನ್ನು ಸ್ಟ್ಯಾಟಿಸ್ಟಿಕ್ಸ್ ಓದುವ ಒಬ್ಬರ ಜೊತೆ ಜೋಡಿ ಹಾಕಿ ಸಂಶೋಧನೆಗೆ ಹಚ್ಚುವುದು ಅವರ ಹಳೆಯ ಪದ್ಧತಿ.

"ಒಬ್ಬರಿಗೆ ನೊಣ ಗೊತ್ತಿರಬೇಕು, ಒಬ್ಬರಿಗೆ ಲೆಕ್ಕ ಗೊತ್ತಿರಬೇಕು," ಎಂದಿದ್ದರು ಮೊದಲ ದಿನ. "ಇಬ್ಬರಿಗೂ ಎರಡೂ ಗೊತ್ತಿದ್ರ ನನಗ ಇಲ್ಲೆ ಏನು ಕೆಲಸ? ಈಗ ಕೇಳ್ರಿ. ಗುರೆಳ್ಳು ಚಟ್ನಿ ತಿಂದು ನಮ್ಮ ಅಜ್ಜಿ ಎಂಬತ್ತರಾಗ ಗುಡ್ಡಾ ಹತ್ತತಿದ್ಲು ಅಂತ ನಮ್ಮ ಮನ್ಯಾಗ ಹೇಳತಾರ. ಖರೇನೋ ಸುಳ್ಳೋ, ನೊಣಕ್ಕ ಕೇಳೋಣ."

ಹೀಗೆ ಶುರುವಾಯಿತು: ಶಂಭುಲಿಂಗನದು ನೊಣ, ಚಿನ್ಮಯೀಯದು ಲೆಕ್ಕ. ಹಣ್ಣಿನ ನೊಣಗಳಿಗೆ ರವೆ, ಬೆಲ್ಲ, ಯೀಸ್ಟ್ ಹಾಕಿ ಊಟ ಕುದಿಸಬೇಕು. ಅರ್ಧದಕ್ಕೆ ಗುರೆಳ್ಳಿನ ಪುಡಿ ಬೆರೆಸಬೇಕು. ಶಂಭುಲಿಂಗ ಮೊದಲ ದಿನವೇ ತಳ ಹತ್ತಿಸಿದ.

"ಅಯ್ಯ, ಕೈ ಬಿಡಬ್ಯಾಡ್ರಿ, ತಿರವ್ರಿ," ಎಂದು ಚಿನ್ಮಯೀ ಸೌಟು ಕಸಿದುಕೊಂಡಿದ್ದಳು.

"ನಿಮ್ಮ ಮನ್ಯಾಗ ಶಿರಾ ನೀವ ಮಾಡತೀರೇನ್ರಿ?"

"ನಿಮ್ಮ ಮನ್ಯಾಗ ನೀವು ಬರೇ ತಿಂತೀರೇನ್ರಿ?"

ಎರಡನೆಯ ವಾರಕ್ಕೆ ಆ 'ರಿ' ಎಲ್ಲೋ ಜಾರಿ ಬಿತ್ತು. ಯಾರದು ಮೊದಲು ಬಿತ್ತು ಎಂಬುದು ಇಬ್ಬರಿಗೂ ನೆನಪಿಲ್ಲ.

ನೊಣಗಳು ತಿಂಗಳು ದಾಟಿ ಮುದಿಯಾದ ಮೇಲೆ ಎಣಿಕೆ. ದಿನಾ ಬೆಳಿಗ್ಗೆ ಚಿನ್ಮಯೀ ಒಳಕೋಣೆಯಲ್ಲಿ ಕುಳಿತು ಹತ್ತತ್ತು ನೊಣಗಳನ್ನು ನಲವತ್ತು ಖಾಲಿ ಟ್ಯೂಬಿಗೆ ಹಾಕಿ, ಬಾಯಿಗೆ ಹತ್ತಿ ತುರುಕಿ, ಮನಸ್ಸಿಗೆ ಬಂದಂತಲ್ಲ, ಕಂಪ್ಯೂಟರ್ ಕೊಟ್ಟಂತೆ ನಂಬರು ಹಚ್ಚುತ್ತಿದ್ದಳು. ಶಂಭುಲಿಂಗ ಹೊರಗೆ ಕುಳಿತು ಒಂದೊಂದೇ ಟ್ಯೂಬನ್ನು ಮೇಜಿಗೆ ಟಪ್ಪೆಂದು ಬಡಿಯಬೇಕು. ನೊಣಗಳು ತಳಕ್ಕೆ ಬಿದ್ದು ಮತ್ತೆ ಹತ್ತತೊಡಗುತ್ತವೆ. ಹತ್ತು ಸೆಕೆಂಡಿನಲ್ಲಿ ಮಾರ್ಕರ್ ಗೆರೆ ದಾಟಿದವು ಎಷ್ಟು? ತಕರಾರಿನದು ಒಂದೇ, ಸರಿಯಾಗಿ ಗೆರೆಯ ಮೇಲೆ ಕುಳಿತ ನೊಣ. ಅದನ್ನು ಒಳಗೆ ಹಾಕಬೇಕೋ ಹೊರಗೆ ಬಿಡಬೇಕೋ ಎಣಿಸುವವನ ಕಣ್ಣಿಗೆ ಬಿಟ್ಟದ್ದು.

"ಗುಟ್ಟು ಗೊತ್ತಿದ್ದಾಕಿ ಒಳಗ, ಎಣಸಾಂವ ಹೊರಗ, ನಡುವಿನ ಬಾಗಲಾ ಹಾಕಿರಬೇಕು," ಎಂದಿದ್ದರು ಮೇಡಮ್. "ಬರಕೊಳ್ಳಿಕ್ಕೆ ಯಮನಪ್ಪ ಕೂಡತಾನ."

ಯಮನಪ್ಪ ಲ್ಯಾಬಿನ ಅಟೆಂಡರ್. ಆದರೆ ಮೊದಲ ದಿನವೇ ಚಿನ್ಮಯೀ ಒಳಗಿಂದ ಬಂದು, "ಯಮನಪ್ಪ ಕಾಕಾಗ ಬ್ಯಾರೆ ಕೆಲಸ ಅದಂತ. ನಾನೇ ಬರೀತೇನಿ," ಎಂದು ಶಂಭುಲಿಂಗನ ಎದುರಿನ ಸ್ಟೂಲಿನ ಮೇಲೆ ಕುಳಿತಳು. ಯಮನಪ್ಪ ಬರೆದದ್ದು ಅವಳಿಗೆ ಟೆಸ್ಟ್ ಇದ್ದ ಆ ಎರಡೇ ದಿನ.

ಶಂಭುಲಿಂಗ ಪ್ರತಿ ಸಲ ಎಣಿಕೆ ಹೇಳುವ ಮುಂಚೆ ಒಮ್ಮೆ ತಲೆ ಎತ್ತುತ್ತಿದ್ದ. ಅರ್ಧ ಸೆಕೆಂಡು. ರೆಪ್ಪೆ ಮೇಲೆ ಹೋಗಿ, ಅವಳ ಮುಖ ಮುಟ್ಟಿ, ಮತ್ತೆ ಟ್ಯೂಬಿಗೆ ಇಳಿಯುತ್ತಿತ್ತು. "ಏಳು," ಎನ್ನುತ್ತಿದ್ದ. ಬರೆದುಕೊಳ್ಳಲು ತಯಾರಿದ್ದೇನೋ ಇಲ್ಲವೋ ನೋಡುತ್ತಾನೆ ಎಂದು ಅವಳು ತಿಳಿದುಕೊಂಡಿದ್ದಳು. ಹಾಗೆ ತಿಳಿದಿದ್ದಳು ಎಂಬುದೂ ಪೂರ್ತಿ ನಿಜವಲ್ಲ. ಬೇರೆ ಏನಾದರೂ ಆಗಿರಲಿ ದೇವರೇ ಎಂದು ನಲವತ್ತು ಟ್ಯೂಬಿಗೆ ನಲವತ್ತು ಸಲ ಬೇಡಿಕೊಳ್ಳುತ್ತಿದ್ದಳು.

ಈಗ ದೇವರು ಕೊಟ್ಟದ್ದು ಈ ಕಂಬಗಳನ್ನು. ಶನಿವಾರ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಂಶೋಧನಾ ಸಮ್ಮೇಳನ. ಮೇಡಮ್ ಇವರಿಬ್ಬರ ಹೆಸರು ಕಳಿಸಿ ಆಗಿತ್ತು. ಗೆದ್ದ ಜೋಡಿಗೆ ಬೇಸಿಗೆಯ ಎರಡು ತಿಂಗಳು ಪುಣೆಯ ಸಂಸ್ಥೆಯೊಂದರಲ್ಲಿ ಕೆಲಸ. ಎರಡು ತಿಂಗಳು, ಒಂದೇ ಲ್ಯಾಬು, ಅವನ ಜೊತೆ. ಈ ಕಂಬಗಳ ವಿಷಯ ಹೇಳಿದರೆ ಅದು ಹೋಯಿತು, ಅವನ ಮಾನವೂ ಹೋಯಿತು. ಹೇಳದಿದ್ದರೆ ಮೋಸಗಾರನ ಪಕ್ಕದಲ್ಲಿ ನಿಂತು ಪರೀಕ್ಷಕರ ಮುಂದೆ ನಗಬೇಕು.

ಸಂಜೆ ಚಿಗರಿ ಬಸ್ಸಿನಲ್ಲಿ ಎಂದಿನಂತೆ ಇಬ್ಬರೂ ಹತ್ತಿದರು. ಅವಳು ನವನಗರಕ್ಕೆ ಇಳಿಯುವವಳು, ಅವನು ಮುಂದೆ ಹುಬ್ಬಳ್ಳಿಯ ತನಕ ಹೋಗುವವನು. ಪಕ್ಕದ ಸೀಟು ಖಾಲಿಯಾಯಿತೆಂದು ಅವನು ಕೂತ. ಅವಳು ಬ್ಯಾಗನ್ನು ಆ ಕಡೆಯಿಂದ ಎತ್ತಿ ಈ ಕಡೆ ಇಟ್ಟುಕೊಂಡು ಎರಡೂ ಕೈಯಿಂದ ಅವಚಿಕೊಂಡಳು.

"ಬ್ಯಾಗಿನ್ಯಾಗ ಬಂಗಾರ ಐತೇನು?" ಅವನು ನಕ್ಕ.

ಅವಳು ನಗಲಿಲ್ಲ.

"ಏನಾತು? ಮಾತಾಡವಲ್ಲಿ?"

"ಏನಿಲ್ಲ."

"ಏನಿಲ್ಲ ಅಂದ್ರ ಏನೋ ಐತಿ." ತಗ್ಗಿದ ದನಿಯಲ್ಲಿ ಕೇಳಿದ: "ಲೆಕ್ಕದಾಗ ಏನರ ತಪ್ಪ ಬಂತೇನು?"

ಚಿನ್ಮಯೀ ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನೋ ಯಾರೂ ಏನೂ ಅನ್ನುವ ಮುಂಚೆಯೇ ಮುಟ್ಟಿಕೊಂಡ. ನವನಗರ ಬಂದಾಗ ಅವಳು ಹಿಂದಿರುಗಿ ನೋಡದೆ ಇಳಿದಳು. ಕಿಟಕಿಯಿಂದ ಅವನು ನೋಡುತ್ತಿದ್ದಾನೆಂದು ಬೆನ್ನಿಗೆ ಗೊತ್ತಾಗುತ್ತಿತ್ತು.

ಆದರೆ ಅವಳು ಸ್ಟ್ಯಾಟಿಸ್ಟಿಕ್ಸ್ ಹುಡುಗಿ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬುದನ್ನು ಸೂತ್ರ ಹಾಕಿ ಕಲಿತವಳು. ಮನೆಯಲ್ಲಿ ಅವ್ವ ಬಡಿಸಿದ್ದನ್ನು ತುತ್ತು ಕಟ್ಟಿ ಕಟ್ಟಿ ಬಿಡುತ್ತ ಯೋಚಿಸಿದಳು. ಬ್ಯಾಗೇ ಕಾರಣವಾಗಿದ್ದರೆ, ಬ್ಯಾಗು ದೂರವಿಟ್ಟು ತಾನು ಎದುರು ಕುಳಿತರೆ ಕಂಬ ಬೀಳಬೇಕು. ನಾಳೆ ಇನ್ನೊಂದು ದಿನದ ಎಣಿಕೆ ಮಾಡೋಣ.

ಗುರುವಾರ ಟ್ರೇ ತಯಾರು ಮಾಡಿ, ಕೆಂಪು ಬುಕ್ಕನ್ನು ಬ್ಯಾಗಿಗೆ ಹಾಕಿ, ಬ್ಯಾಗನ್ನು ಲೈಬ್ರರಿಯ ಬಾಗಿಲಲ್ಲಿ ಕೊಟ್ಟು ಟೋಕನ್ ಈಸಿಕೊಂಡಳು. ಬಂದು ಸ್ಟೂಲಿನ ಮೇಲೆ ಕುಳಿತಳು. ಶಂಭುಲಿಂಗ ಇವತ್ತು ತಮಾಷೆ ಮಾಡಲಿಲ್ಲ. ಟಪ್. ಹತ್ತು ಸೆಕೆಂಡು. ರೆಪ್ಪೆ ಮೇಲೆ, ರೆಪ್ಪೆ ಕೆಳಗೆ. "ಆರು." ಟಪ್. "ಮೂರು." ಅವಳು ಬರೆಯುತ್ತ ಹೋದಳು. ಬೀಳಲಿ ದೇವರೇ ಎನ್ನಬೇಕೋ ಬೀಳದಿರಲಿ ಎನ್ನಬೇಕೋ ತಿಳಿಯದೆ ದೇವರನ್ನು ಅವನ ಪಾಡಿಗೆ ಬಿಟ್ಟಳು.

ನಲವತ್ತು ಮುಗಿದ ಕೂಡಲೇ ಲೈಬ್ರರಿಗೆ ಓಡಿ, ಅಲ್ಲೇ ನಿಂತು ಕೂಡಿಸಿದಳು. ಹದಿಮೂರನೆಯ ಕಂಬ ಬಿದ್ದಿರಲಿಲ್ಲ. ಎಲ್ಲದಕ್ಕಿಂತ ಎತ್ತರವಾಗಿತ್ತು.

ಅವನು ಬುಕ್ಕು ನೋಡಿಲ್ಲ! ಆ ಒಂದು ನಿಮಿಷ ಅವಳಿಗೆ ಜಗತ್ತಿನಲ್ಲಿ ಇನ್ನೇನೂ ಬೇಡವಾಗಿತ್ತು. ಲೈಬ್ರರಿಯ ಬಾಗಿಲಲ್ಲಿ ಟೋಕನ್ ಕೊಡುವ ಗುಡ್ಡವ್ವ, "ಯಾಕವ್ವಾ, ಒಬ್ಬಾಕಿನ ನಗಾಕತ್ತಿ?" ಎಂದು ಕೇಳಿದಾಗ ನಗು ನಿಂತಿತು. ಹಾಗಾದರೆ ಎಂಟನೆಯ ದಿನ, ಒಂಬತ್ತನೆಯ ದಿನ? ಅವಳಿದ್ದರೆ ಕಂಬ ಏಳುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಬ್ಯಾಗಲ್ಲ, ಅವಳೇ.

ವಾಪಸು ಬಂದಾಗ ಅವನು ಟ್ಯೂಬು ತೊಳೆಯುತ್ತಿದ್ದ. ಮೇಜಿನ ಮೇಲೆ ಚಿತ್ರದ ಹಾಳೆ ಬಿಚ್ಚಿಟ್ಟಳು.

"ಶಂಭು, ನಾ ನಿನ್ನ ಕಳ್ಳ ಅಂತ ತಿಳದಿದ್ದೆ. ನನ್ನ ಬುಕ್ಕು ತಗದು ನೋಡೀದಿ ಅಂತ."

ಅವನ ಕೈ ನಲ್ಲಿಯ ಕೆಳಗೇ ನಿಂತಿತು. "ಅದಕ್ಕ ನಿನ್ನೆ ಬ್ಯಾಗ್ ಅವಚಿಕೊಂಡು ಕುಂತಿದ್ದಿ?"

"ಹೂಂ. ಇವತ್ತ ಬ್ಯಾಗ್ ಲೈಬ್ರರಿಯೊಳಗ ಇಟ್ಟು ಬಂದಿದ್ದೆ. ಆದ್ರೂ ಕಂಬ ಎದ್ದದ. ನಾ ಇಲ್ಲದ ಎರಡು ದಿನಾ ಅಷ್ಟ ಬಿದ್ದದ. ಯಾಕ?"

ಶಂಭುಲಿಂಗ ನಲ್ಲಿ ಬಂದ್ ಮಾಡಿ, ಹಾಳೆಯನ್ನು ಬಹಳ ಹೊತ್ತು ನೋಡಿದ. ಬಹುಶಃ ಅವನು ಆ ಎರಡು ಕಂಬಗಳನ್ನು ಈಗಲೇ ಮೊದಲ ಸಲ ನೋಡುತ್ತಿದ್ದ.

"ಬುಕ್ಕು ನೋಡಿಲ್ಲ, ಚಿನ್ಮಯೀ," ಎಂದ. "ನಿನ್ನ ನೋಡೇನಿ."

"ಅಂದ್ರ?"

"ನಮ್ಮಪ್ಪಂದು ಹತ್ತಿ ಅಡತಿ ಅಂಗಡಿ. ಸಣ್ಣಾಂವ ಇದ್ದಾಗಿಂದ ಅಲ್ಲೆ ಕುಂತು ಬೆಳದಾಂವ ನಾ. ಗಿರಾಕಿ ಬಾಯಿಲೆ ಏನರ ಹೇಳಲಿ, ನಮ್ಮಪ್ಪ ಮಾರಿ ನೋಡೇ ತಿಳ್ಕೊಂತಾನ. ನನಗೂ ಅದ ಚಟಾ ಹತ್ತೇತಿ." ಅವನು ಕೈ ಒರೆಸಿಕೊಂಡ, ಒಣಗಿದ್ದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡ. "ನಂಬರ ಎಲ್ಲಾ ನಿನಗ ಬಾಯಿಪಾಠ. ಗುರೆಳ್ಳಿಂದು ಬಂದ್ರ ನಿನ್ನ ಹುಬ್ಬು ಇಷ್ಟ ಮ್ಯಾಲೆ ಏಳತಾವ. ಪೆನ್ನು ತಾನ ಕಾಗದದ ಹತ್ರ ಬರತೈತಿ. ಸಾದಾದು ಬಂದ್ರ ನೀ ಕಿಟಕಿ ಕಡೆ ನೋಡತಿ. ಗೆರಿ ಮ್ಯಾಲಿನ ನೊಣ ಇರತೈತಲ್ಲ... ನಿನ್ನ ಹುಬ್ಬು ಎದ್ರ ಒಳಗ ಹಾಕತಿದ್ನಿ. ಇಲ್ಲಂದ್ರ ಹೊರಗ."

"ಬೇಕಂತ?"

"ಮೊದಲ ನನಗ ಗೊತ್ತಿರಲಿಲ್ಲ, ಖರೇನ. ಹತ್ತನೇ ದಿನಾ ಗೊತ್ತಾತು. ನೀ ಟೆಸ್ಟ್ ಮುಗಿಸಿ ಬಂದು ಕುಂತಿ, ಎಣಸೂದು ಒಮ್ಮೆಲೆ ಹಗುರ ಆತು. ಅವಾಗ ತಿಳೀತು."

"ತಿಳದ ಮ್ಯಾಲೂ ಯಾಕ ಸುಮ್ಮನಿದ್ದಿ?"

ಅವನು ನೆಲ ನೋಡಿದ. "ಹೇಳಿದ್ರ ನೀ ಎದರಿಗೆ ಕುಂದರೂದು ತಪ್ಪತಿತ್ತಲ್ಲ."

ಇಂಥ ಮಾತಿಗೆ ಹುಡುಗಿಯೊಬ್ಬಳು ನಾಚಬೇಕು. ಚಿನ್ಮಯೀ ಗಾಬರಿಯಾದಳು. ತನ್ನ ಮುಖ ತನಗೆ ಗೊತ್ತಿಲ್ಲದೆ ಹನ್ನೊಂದು ದಿನ ಮಾತಾಡಿದೆ ಎಂಬುದನ್ನು ಅವಳಿಗೆ ನಂಬಲಾಗಲಿಲ್ಲ.

"ಸುಳ್ಳ. ತೋರಸು."

ಹತ್ತು ಟ್ಯೂಬು ತಂದಿಟ್ಟಳು. ಹೊಸ ನಂಬರು, ಬುಕ್ಕು ಮಡಿಲಲ್ಲಿ. ಅವನು ಟ್ಯೂಬಿನತ್ತ ಕಣ್ಣೇ ಹಾಯಿಸಲಿಲ್ಲ. ಮೇಜಿನ ಮೇಲೆ ಮೊಳಕೈ ಊರಿ, ಇಷ್ಟು ದಿನ ಅರ್ಧರ್ಧ ಸೆಕೆಂಡು ಕದ್ದು ನೋಡಿದ್ದನ್ನು ಈಗ ರಾಜಾರೋಷವಾಗಿ ನೋಡಿದ. ಅವಳು ಹಲ್ಲು ಕಚ್ಚಿ, ಹುಬ್ಬು ಬಿಗಿದು, ಕಲ್ಲಿನಂತೆ ಕುಳಿತಳು. ಅವಳ ಕಿವಿ ಬಿಸಿಯಾಗಿತ್ತು.

"ಗುರೆಳ್ಳು," ಎಂದ ಅವನು. "ಸಾದಾ. ಸಾದಾ. ಗುರೆಳ್ಳು..."

ಹತ್ತರಲ್ಲಿ ಒಂಬತ್ತು ಸರಿ ಬಂದವು. ತಪ್ಪಿದ ಒಂದರ ಹೊತ್ತಿಗೆ ಅವಳ ಲಕ್ಷ್ಯ ಟ್ಯೂಬಿನ ಮೇಲೆ ಇರಲೇ ಇಲ್ಲ, ಅವನ ಎಡಗಣ್ಣಿನ ಕೆಳಗಿನ ಸಣ್ಣ ಮಚ್ಚೆಯ ಮೇಲಿತ್ತು.

ಅವಳು ಬುಕ್ಕು ಮುಚ್ಚಿದಳು. ಗುರೆಳ್ಳಿನ ಗುಟ್ಟನ್ನೇ ಬಿಟ್ಟುಕೊಟ್ಟ ಹುಬ್ಬು ಇನ್ನೇನೇನು ಹೇಳಿದೆಯೋ ಎಂದು ಅವಳಿಗೆ ಒಂದು ಚಿಂತೆ. ಅದಕ್ಕಿಂತ ದೊಡ್ಡ ಚಿಂತೆ ಶನಿವಾರದ್ದು. ಕೊನೆಗೆ ಬಾಯಿಬಿಟ್ಟವಳು ಅವಳೇ. ನಿನ್ನೆಯಿಂದ ಅವನನ್ನು ಕಳ್ಳನೆಂದು ದೂರವಿಟ್ಟವಳು ಸಣ್ಣ ದನಿಯಲ್ಲಿ ಹೇಳಿದಳು:

"ಆ ಎರಡು ದಿನಾ ತಗದು ಬಿಟ್ರ? ಯಮನಪ್ಪ ಕಾಕಾ ಬರದದ್ದು ತಪ್ಪಾಗೇದ ಅಂದ್ರ ಯಾರೂ ಕೇಳಂಗಿಲ್ಲ."

ಶಂಭುಲಿಂಗ ತಲೆ ಎತ್ತಿದ. "ನಿನ್ನೆ ನಾ ಕಳ್ಳ ಅಂತ ಮಾರಿ ತಿರವಿದಿ. ಇವತ್ತ ಇಬ್ಬರೂ ಕೂಡಿ ಕಳ್ಳರಾಗೂಣೇನು?"

ಅವಳಿಗೆ ಎಲ್ಲಿ ಅಡಗಲಿ ಎನ್ನುವಷ್ಟು ನಾಚಿಕೆಯಾಯಿತು. ಎದುರಿಗೆ ಅಡಗಲು ಜಾಗವೂ ಇರಲಿಲ್ಲ, ಅವನು ಮುಖವನ್ನೇ ನೋಡುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಮೇಡಮ್ಮರ ಕೋಣೆಯ ಮುಂದೆ ಇಬ್ಬರೂ ನಿಂತರು. "ನಾ ಒಬ್ಬನ ಹೋಗತೇನಿ, ಎಣಿಸಿದಾಂವ ನಾ," ಎಂದು ಅವನೂ, "ಎದುರು ಕೂತಾಕಿ ನಾ," ಎಂದು ಅವಳೂ ಜಗಳಾಡುತ್ತಿರುವಾಗಲೇ ಒಳಗಿಂದ ದನಿ ಬಂತು:

"ಇಬ್ಬರೂ ಬರ್ರಿ. ಹೊರಗ ನಿಂತು ಎಣಸಬ್ಯಾಡ್ರಿ."

ಶಂಭುಲಿಂಗ ಎಲ್ಲ ಹೇಳಿದ. ಅಂಬಾಬಾಯಿ ಮೇಡಮ್ ಕನ್ನಡಕ ತೆಗೆದು ಕೇಳಿದರು, ಹಾಕಿಕೊಂಡು ಚಿತ್ರ ನೋಡಿದರು.

"ಇಕಿ ಹುಬ್ಬು ಏರಸಿದ್ದು ಇಕಿ ತಪ್ಪು," ಎಂದರು. "ನಿನ್ನ ಕೈಯಾಗ ಟ್ಯೂಬಿತ್ತು, ಟ್ಯೂಬಿನ್ಯಾಗ ನೊಣ ಇದ್ವು. ಅದು ಬಿಟ್ಟು ನೀ ಇಕಿ ಮಾರಿ ಯಾಕ ನೋಡಿದಿ?"

ಫ್ಯಾನು ಕಟಕಟ ಎನ್ನುತ್ತಿತ್ತು. ಚಿನ್ಮಯೀ ಅದನ್ನೇ ಎಣಿಸತೊಡಗಿದಳು, ಇಪ್ಪತ್ತರ ತನಕ ಹೋದಳು.

"ನೋಡಲಾರದ ಇರಾಕ ಆಗವಲ್ದರಿ ಮೇಡಮ್," ಎಂದ ಶಂಭುಲಿಂಗ.

ಮೇಡಮ್ ಅವನನ್ನು ಬಿಟ್ಟು ಇವಳತ್ತ ತಿರುಗಿದರು. "ಬರಕೊಳ್ಳಿಕ್ಕೆ ಯಮನಪ್ಪ ಇರಬೇಕಿತ್ತು. ಎಲ್ಲಿದ್ದ?"

"ಕಾಕಾ ಇದ್ದರ್ರಿ. ಅವರಿಗೆ ಬ್ಯಾರೆ ಕೆಲಸ ಇರಲಿಲ್ಲ." ಎಂದಳು ಅವಳು. "ಮೇಡಮ್ ನಿಮಗ ಬರೂದು ಬ್ಯಾಡ ಅಂದಾರ ಅಂತ ಕಾಕಾಗ ನಾನೇ ಸುಳ್ಳು ಹೇಳಿದೆ."

"ಯಾಕ?"

ಅವಳು ಉತ್ತರ ಕೊಡಲಿಲ್ಲ.

ಮೇಡಮ್ ಇಬ್ಬರನ್ನೂ ಒಂದು ಸುತ್ತು ನೋಡಿ, ಫೋನ್ ಎತ್ತಿಕೊಂಡರು. ನಾಳೆಯ ಪಟ್ಟಿಯಿಂದ ತಮ್ಮ ವಿದ್ಯಾರ್ಥಿಗಳ ಹೆಸರು ತೆಗೆಯಬೇಕು, ಎಣಿಕೆ ಸರಿಯಿಲ್ಲ, ಹೌದು, ತಪ್ಪು ನಮ್ಮದೇ ಎಂದು ಹೇಳಿ ಇಟ್ಟರು. ಪುಣೆ ಅಷ್ಟರಲ್ಲಿ ಮುಗಿಯಿತು. ಚಿನ್ಮಯೀಯ ಕಣ್ಣಲ್ಲಿ ನೀರು ಬಂತು.

"ಅಳಬ್ಯಾಡ. ಬಾಗಲಾ ತಗದಿರೂದು ನನಗೂ ಕಾಣಸ್ತಿತ್ತು. ಮೊದಲನೇ ವಾರದ ಎಣಿಕಿ ಛಲೋ ಬಂದಿತ್ತಲ್ಲ, ನಮ್ಮ ಅಜ್ಜಿ ಮಾತು ಖರೇ ಆತು ಅಂತ ಖುಷಿಲೆ ಸುಮ್ಮನಿದ್ದೆ. ನನಗೂ ಬುದ್ಧಿ ಇರಲಿಲ್ಲ." ಅವರು ಚಿತ್ರದ ಹಾಳೆಯನ್ನು ಮಡಚಿದರು. "ಸೋಮವಾರದಿಂದ ಹೊಸ ನೊಣ ಬೆಳಸ್ರಿ. ಎಣಸೂ ಮುಂದ ಇಕಿ ನನ್ನ ರೂಮಿನಾಗ, ನೀ ಅಲ್ಲೆ, ನಡುವ ಎರಡು ಬಾಗಲಾ. ಉಳದ ಹೊತ್ತಿನ್ಯಾಗ ಯಾರು ಎಲ್ಲಿ ಕೂಡತೀರಿ, ಯಾರ ಮಾರಿ ನೋಡತೀರಿ, ಅದು ನನ್ನ ಸಬ್ಜೆಕ್ಟ್ ಅಲ್ಲ. ನಡೀರಿ ಇನ್ನ."

ಸಂಜೆ ಬಸ್ ನಿಲ್ದಾಣದ ತನಕ ಇಬ್ಬರೂ ಕೂಡಿ ನಡೆದರು. ಒಂದು ಚಿಗರಿ ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

"ಮೇಡಮ್ ಮುಂದ ನಾ ಹೇಳಿಬಿಟ್ನಿ," ಎಂದ ಅವನು ರಸ್ತೆ ನೋಡುತ್ತ. "ಅವರು ಯಾಕ ಅಂತ ಕೇಳಿದ್ರ ನೀ ಸುಮ್ಮನ ನಿಂತಿ."

"ಮಾರಿ ನೋಡಿ ತಿಳ್ಕೊಳ್ಳಾಂವ ನೀ. ತಿಳ್ಕೋ."

"ಒಲ್ಲೆ. ನನ್ನ ಕಣ್ಣು ತನಗ ಬೇಕಾದ್ದ ನೋಡತೈತಿ. ಪುಣೆ ಹೋತು, ಹೋಗಲಿ. ಈ ಒಂದರಾಗ ತಪ್ಪ ಎಣಿಸಿದ್ರ ನನ್ನ ಕಡಿಂದ ತಡಕೊಳ್ಳಾಕ ಆಗಂಗಿಲ್ಲ. ಬಾಯಿಲೆ ಹೇಳು."

ಹಾಗೆಂದವನು ಜನ ತುಂಬಿದ ನಿಲ್ದಾಣದ ನಡುವೆ ಕಣ್ಣು ಮುಚ್ಚಿಕೊಂಡು ನಿಂತ. ರೆಪ್ಪೆ ನಡುಗುತ್ತಿತ್ತು. ತರಕಾರಿ ಚೀಲ ಹಿಡಿದ ಒಬ್ಬ ಮುದುಕ ಅವನಿಗೆ ತಲೆ ತಿರುಗಿತೇನೋ ಎಂದು ನೋಡಿದ. ಚಿನ್ಮಯೀ ಹೆದರಿದ್ದಳು. ಇಷ್ಟು ದಿನ ಮುಖ ಹೇಳಿದ್ದಕ್ಕೆಲ್ಲ ಅವಳು ಜವಾಬ್ದಾರಳಲ್ಲ, ಬಾಯಿ ಹೇಳಿದ್ದಕ್ಕೆ ಜವಾಬ್ದಾರಳಾಗಬೇಕು. ಮನೆಯ ನೆನಪಾಯಿತು, ಅವನ ಮನೆಯ ನೆನಪೂ ಆಯಿತು. ಆದರೂ ಹೇಳಿದಳು.

"ನನಗ ನೀ ಬೇಕು, ಶಂಭು. ನಿನ್ನ ಎದುರಿಗೆ ಕೂಡಬೇಕು."

ಅವನು ಕಣ್ಣು ತೆರೆಯಲಿಲ್ಲ. "ಇನ್ನೊಮ್ಮೆ ಹೇಳು."

"ಯಾಕ, ಕೇಳಸಲಿಲ್ಲೇನು?"

"ಕೇಳಸ್ತು. ಒಂದ ಸಲದ ರೀಡಿಂಗ್ ಯಾರು ನಂಬತಾರ?"

ಚಿನ್ಮಯೀ ಮೂರು ಸಲ ಹೇಳಿದಳು. ಮೂರು ಸಲವೂ ಒಂದೇ ಬಂತು.